ಫ್ಲಾರೆನ್ಸ್‌ಗೆ ಅರ್ಧ ದಿನ ಸಾಲದು

ಯೂರೋಪ್ ಟೂರ್ ಪ್ಯಾಕೇಜ್‌ಗಳನ್ನು ಒಮ್ಮೆ ತೆರೆದು ನೋಡಿ. ರೋಮ್‌ಗೆ ಎರಡು ದಿನ, ವೆನಿಸ್‌ಗೆ ಒಂದು ದಿನ, ನಡುವೆ ಫ್ಲಾರೆನ್ಸ್‌ಗೆ ಅರ್ಧ ದಿನ. ಬಸ್ ಇಳಿ, ಚರ್ಚ್ ಮುಂದೆ ಫೋಟೋ ತೆಗೆಸಿಕೋ, ಒಂದು ಐಸ್‌ಕ್ರೀಮ್ ತಿನ್ನು, ಬಸ್ ಹತ್ತು. ಅಷ್ಟಕ್ಕೇ ಆದರೆ ಈ ಊರಿಗೆ ಹೋಗಲೇಬೇಕು ಅಂತೇನೂ ಇಲ್ಲ. ಫ್ಲಾರೆನ್ಸ್ ಅರ್ಥವಾಗುವುದು ಅಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಎದ್ದು, ನಡೆದು, ಹಸಿದು, ತಿಂದಾಗಲೇ.

ನಾನು ಮತ್ತು ಅಮ್ಮ ಕಳೆದ ನವೆಂಬರ್‌ನಲ್ಲಿ ಮೂರು ರಾತ್ರಿ ಅಲ್ಲಿ ಉಳಿದೆವು. ಅಮ್ಮನದು ಎರಡೇ ಷರತ್ತು. ಮೊಟ್ಟೆ, ಮಾಂಸ ಮುಟ್ಟಲ್ಲ. ಮಂಡಿ ನೋವು, ಹೆಚ್ಚು ಮೆಟ್ಟಿಲು ಹತ್ತಲ್ಲ. ದೊಡ್ಡ ದೊಡ್ಡ ಮಾಂಸದ ತುಂಡಿಗೆ ಹೆಸರಾದ, ಗೋಪುರಗಳಿಗೆ ಹೆಸರಾದ ಊರಿಗೆ ಇಂಥ ಷರತ್ತು ಇಟ್ಟುಕೊಂಡು ಹೋಗಬಹುದಾ? ಖಂಡಿತ ಹೋಗಬಹುದು. ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತ ಯೋಚನೆ ಮಾಡುತ್ತಿರುವವರಿಗಾಗಿಯೇ ಈ ಬರಹ.

ನಾಲ್ಕು ಹೆಜ್ಜೆಯ ಊರು

ಇಟಲಿಯವರು ಈ ಊರನ್ನು ಕರೆಯುವುದು ಫಿರೆನ್ಜೆ ಅಂತ. ಸ್ಟೇಷನ್ ಬೋರ್ಡುಗಳಲ್ಲಿ ಇರುವುದೂ ಅದೇ ಹೆಸರು, ಹಾಗಾಗಿ ನೆನಪಿಟ್ಟುಕೊಳ್ಳಿ. ರೋಮ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಇಳಿಯಬೇಕಾದ್ದು ಫಿರೆನ್ಜೆ ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್‌ನಲ್ಲಿ. ಅಲ್ಲಿಂದ ಮುಖ್ಯ ಚರ್ಚ್‌ಗೆ ನಡೆದರೆ ಹದಿನೈದು ನಿಮಿಷವೂ ಬೇಕಾಗಿಲ್ಲ. ಹಳೇ ಊರು ಇಡೀ 1982ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನಮ್ಮ ಕಣ್ಣಿಗೆ ಅದು ಜಯನಗರದ ಒಂದೆರಡು ಬ್ಲಾಕ್ ಸೇರಿಸಿದಷ್ಟು ಅಗಲ ಅಷ್ಟೇ. ಕ್ಯಾಬ್ ಬೇಡ, ಒಳ್ಳೆಯ ಶೂ ಬೇಕು. ಕಾರು ಬಾಡಿಗೆಗೆ ತೆಗೆದುಕೊಂಡು ಹೋಗುವವರು ಒಂದು ವಿಷಯ ತಿಳಿದಿರಿ: ಹಳೇ ಊರಿನೊಳಗೆ ಹೊರಗಿನವರ ವಾಹನಕ್ಕೆ ನಿರ್ಬಂಧ ಇದೆ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದುಕೊಳ್ಳುತ್ತದೆ, ದಂಡದ ನೋಟಿಸ್ ತಿಂಗಳುಗಳಾದ ಮೇಲೂ ಹುಡುಕಿಕೊಂಡು ಬರುತ್ತದೆ.

ಆಸರೆಯಿಲ್ಲದೆ ಎದ್ದ ಗುಮ್ಮಟ

ಗಲ್ಲಿಯಿಂದ ಗಲ್ಲಿಗೆ ತಿರುಗುತ್ತಾ ಇರುವಾಗ ಇದ್ದಕ್ಕಿದ್ದಂತೆ ಮುಂದೆ ಒಂದು ಇಡೀ ಗುಡ್ಡ ನಿಂತ ಹಾಗೆ ಕಾಣುತ್ತದೆ, ಬಿಳಿ, ಹಸಿರು, ಗುಲಾಬಿ ಅಮೃತಶಿಲೆಯ ಗುಡ್ಡ. ಅದೇ ಸಾಂತಾ ಮರಿಯಾ ದೆಲ್ ಫಿಯೋರೆ, ಊರಿನವರ ಬಾಯಲ್ಲಿ ಡುವೊಮೊ. ಕೆಲಸ ಶುರುವಾಗಿದ್ದು 1296ರಲ್ಲಿ. ಗೋಡೆಗಳು ಎದ್ದವು, ಆದರೆ ನಡುವಿನ ಎಂಟು ಮೂಲೆಯ ಜಾಗವನ್ನು ಮುಚ್ಚುವುದು ಹೇಗೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಅಗಲದ ಗುಮ್ಮಟಕ್ಕೆ ಕೆಳಗಿನಿಂದ ಮರದ ಆಸರೆ ಕೊಡುವುದೆಂದರೆ ಆಗದ ಮಾತು. 1418ರಲ್ಲಿ ಸ್ಪರ್ಧೆ ಕರೆದರು. ಗೆದ್ದು ಬಂದವನು ಅಕ್ಕಸಾಲಿಗನ ಕೆಲಸ ಕಲಿತಿದ್ದ ಫಿಲಿಪ್ಪೊ ಬ್ರುನೆಲೆಸ್ಕಿ.

ಅವನು ಒಂದಲ್ಲ, ಒಂದರೊಳಗೊಂದು ಎರಡು ಗುಮ್ಮಟ ಕಟ್ಟಿದ. ಇಟ್ಟಿಗೆಗಳನ್ನು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಹೆಣೆದ. ಹಸಿ ಗಾರೆ ಒಣಗುವ ಮೊದಲೇ ಇಟ್ಟಿಗೆ ಜಾರಿ ಬೀಳದಂತೆ ಹಿಡಿದಿಟ್ಟಿದ್ದು ಈ ಹೆಣಿಗೆ. 1420ರಲ್ಲಿ ಶುರುವಾದದ್ದು 1436ಕ್ಕೆ ಮುಗಿಯಿತು. ನಲವತ್ತು ಲಕ್ಷಕ್ಕೂ ಹೆಚ್ಚು ಇಟ್ಟಿಗೆ ಹಿಡಿದಿದೆ ಅನ್ನುತ್ತಾರೆ. ವಿಜಯಪುರದ ಗೋಲಗುಮ್ಮಟ ನೋಡಿ ಬೆರಗಾದವರು ಇದನ್ನೂ ನೋಡಬೇಕು. ಗೋಲಗುಮ್ಮಟಕ್ಕಿಂತ ಇನ್ನೂರು ವರ್ಷಕ್ಕೂ ಮೊದಲು, ಬೇರೆಯದೇ ದಾರಿಯಲ್ಲಿ ಬಿಡಿಸಿದ ಅದೇ ಲೆಕ್ಕ ಇದು.

ಚರ್ಚ್ ಒಳಗೆ ಹೋಗಲು ದುಡ್ಡಿಲ್ಲ. ಗುಮ್ಮಟ ಹತ್ತಲು ಮಾತ್ರ ಸಮಯ ಗೊತ್ತುಮಾಡಿದ ಟಿಕೆಟ್ ಬೇಕು, ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು. 463 ಮೆಟ್ಟಿಲು, ಲಿಫ್ಟ್ ಇಲ್ಲ. ಎರಡು ಗುಮ್ಮಟಗಳ ನಡುವಿನ ಸಂದಿಯಲ್ಲೇ ಹತ್ತಿ ಹೋಗುವುದು, ಹಾಗಾಗಿ ಉಸಿರಾಟದ ತೊಂದರೆ ಇರುವವರಿಗೆ ಬೇಡ. ನಾನು ಹತ್ತಿದೆ. ಅಮ್ಮ ಅಷ್ಟು ಹೊತ್ತು ಹಿಂದುಗಡೆಯ ಮ್ಯೂಸಿಯಂನಲ್ಲಿದ್ದರು. ಮಂಡಿ ನೋವಿನವರಿಗೆ ನನ್ನ ಸಲಹೆ ಅದೇ ಮ್ಯೂಸಿಯಂ, ಅದರ ಹೆಸರು ಮ್ಯೂಸಿಯೊ ದೆಲ್ ಒಪೇರಾ. ಲಿಫ್ಟ್ ಇದೆ, ಮೇಲಿನ ತಾರಸಿಯಿಂದ ಗುಮ್ಮಟ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಲೊರೆಂಜೊ ಗಿಬರ್ಟಿ 1425ರಿಂದ 1452ರವರೆಗೆ ಕೂತು ಮಾಡಿದ ಚಿನ್ನದ ಲೇಪದ ಬಾಗಿಲುಗಳ ಅಸಲಿ ಇರುವುದೂ ಇಲ್ಲೇ. ಹೊರಗೆ ಜನ ಮುಗಿಬಿದ್ದು ಫೋಟೋ ತೆಗೆಯುತ್ತಾರಲ್ಲ, ಅದು ನಕಲು. ಮೈಕೆಲ್ಯಾಂಜೆಲೊ ಮುಪ್ಪಿನಲ್ಲಿ ಕೆತ್ತಲು ಶುರುಮಾಡಿ, ಸಿಟ್ಟಿನಲ್ಲಿ ತಾನೇ ಸುತ್ತಿಗೆಯಿಂದ ಒಡೆದ ಒಂದು ಪಿಯೆತಾ ಶಿಲ್ಪವೂ ಇಲ್ಲಿದೆ. ಅಮ್ಮ ಅದರ ಮುಂದೆ ಅರ್ಧ ಗಂಟೆ ಕೂತಿದ್ದರಂತೆ. "ಮುಗಿಸದೇ ಇದ್ದದ್ದೇ ಚೆನ್ನಾಗಿದೆ ಕಣೇ" ಅಂದರು.

ಯಾರೂ ಬೇಡವೆಂದ ಕಲ್ಲು

ದಾವಿದ್ ಶಿಲ್ಪ ಇರುವುದು ಅಕಾಡೆಮಿಯಾದಲ್ಲಿ. 5 ಮೀಟರ್‌ಗೂ ಎತ್ತರ. ಆ ಕಲ್ಲಿನ ಮೇಲೆ ಮೈಕೆಲ್ಯಾಂಜೆಲೊಗಿಂತ ಮೊದಲೇ ಬೇರೆ ಶಿಲ್ಪಿಗಳು ಕೈಯಿಟ್ಟು ಅರ್ಧಕ್ಕೇ ಬಿಟ್ಟಿದ್ದರು. ದಶಕಗಳ ಕಾಲ ಅದು ಚರ್ಚಿನ ಅಂಗಳದಲ್ಲಿ ಮಳೆ ಬಿಸಿಲಿಗೆ ಬಿದ್ದಿತ್ತು. 1501ರಲ್ಲಿ ಆ ಕಲ್ಲು ಸಿಕ್ಕಾಗ ಮೈಕೆಲ್ಯಾಂಜೆಲೊಗೆ ವಯಸ್ಸು 26. 1504ಕ್ಕೆ ಕೆಲಸ ಮುಗಿದಾಗ, ಚರ್ಚ್ ಮೇಲೆ ಇಡಬೇಕಾಗಿದ್ದ ಶಿಲ್ಪವನ್ನು ಊರಿನ ಆಡಳಿತದ ಬಾಗಿಲಲ್ಲೇ ನಿಲ್ಲಿಸಿದರು. ದೊಡ್ಡ ಶತ್ರುವಿನ ಮುಂದೆ ನಿಂತ ಸಣ್ಣ ಊರು ನಮ್ಮದು ಎಂದು ಹೇಳಿಕೊಳ್ಳುವ ರೀತಿ ಅದು. 1873ರಲ್ಲಿ ಶಿಲ್ಪವನ್ನು ಒಳಗೆ ತಂದರು. ಈಗ ಪಿಯಾಜ್ಜಾ ದೆಲ್ಲಾ ಸಿನ್ಯೊರಿಯಾದಲ್ಲಿ ನಿಂತಿರುವುದು ಅದರ ಪ್ರತಿ.

ಆ ಚೌಕದಲ್ಲಿ ಒಂದು ಗಂಟೆ ಸುಮ್ಮನೆ ಕೂತುಕೊಳ್ಳಿ. ಪಕ್ಕದ ಕಮಾನು ಮಂಟಪದಲ್ಲಿ ಚೆಲ್ಲಿನಿಯ ಪರ್ಸಿಯಸ್, ಜಾಂಬೊಲೊನಾನ ಶಿಲ್ಪಗಳು ಬಯಲಲ್ಲೇ ಇವೆ, ಟಿಕೆಟ್ ಇಲ್ಲದೆ. ಬಜೆಟ್ ಪ್ರವಾಸಿಗಳಿಗೆ ಇದಕ್ಕಿಂತ ಒಳ್ಳೆಯ ಮ್ಯೂಸಿಯಂ ಸಿಗಲಿಕ್ಕಿಲ್ಲ.

ಒಬ್ಬ ಹೆಂಗಸು ಬರೆಸಿಕೊಂಡ ಒಪ್ಪಂದ

ಉಫಿಜಿ ಎಂದರೆ ಆಫೀಸುಗಳು ಎಂದೇ ಅರ್ಥ. 1560ರಲ್ಲಿ ಜಾರ್ಜೊ ವಸಾರಿ ಇದನ್ನು ಕಟ್ಟಲು ಶುರುಮಾಡಿದ್ದು ಕಚೇರಿಗಳಿಗಾಗಿಯೇ. ಈಗ ಅಲ್ಲಿ ಬೊತ್ತಿಚೆಲ್ಲಿಯ ವೀನಸ್, ಲಿಯೊನಾರ್ಡೊ, ರಫಾಯೆಲ್, ಕರವಾಜೊ ಎಲ್ಲ ಇದ್ದಾರೆ. ನನ್ನನ್ನು ಹೆಚ್ಚು ಹಿಡಿದಿಟ್ಟಿದ್ದು ಮಾತ್ರ ಗೋಡೆಯ ಮೇಲಿನ ಚಿತ್ರಗಳಲ್ಲ, ಅವು ಇನ್ನೂ ಅಲ್ಲೇ ಇರಲು ಕಾರಣಳಾದ ಹೆಂಗಸಿನ ಕಥೆ.

ಮೂರು ಶತಮಾನ ಈ ಊರನ್ನು ಆಳಿದ ಮೆಡಿಚಿ ಮನೆತನದ ಕೊನೆಯ ಕುಡಿ ಅನ್ನಾ ಮರಿಯಾ ಲೂಯಿಸಾ. ಮಕ್ಕಳಿಲ್ಲ. ಅಣ್ಣತಮ್ಮಂದಿರ ವಂಶವೂ ನಿಂತಿತ್ತು. ರಾಜ್ಯ ಬೇರೆ ಮನೆತನದ ಕೈಗೆ ಹೋಗುವುದು ಖಚಿತವಾಗಿತ್ತು. ಹೊಸ ದೊರೆಗಳು ಬಂದರೆ ಚಿತ್ರ, ಶಿಲ್ಪ, ಪುಸ್ತಕ, ಒಡವೆ ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೋಗುವುದೂ ಅಷ್ಟೇ ಖಚಿತ. 1737ರಲ್ಲಿ ಆಕೆ ಒಂದು ಒಪ್ಪಂದ ಮಾಡಿಕೊಂಡಳು. ಸಂಗ್ರಹವೆಲ್ಲ ಹೊಸ ದೊರೆಗೇ ಸೇರಲಿ, ಆದರೆ ಒಂದು ವಸ್ತುವೂ ಫ್ಲಾರೆನ್ಸ್ ಬಿಟ್ಟು ಹೋಗಕೂಡದು ಎನ್ನುವುದೇ ಅದರ ಷರತ್ತು. 1743ರಲ್ಲಿ ಆಕೆ ತೀರಿಕೊಂಡಳು. ನಾವು ಇವತ್ತು ಟಿಕೆಟ್ ತೆಗೆದುಕೊಂಡು ನೋಡುವುದು ಆ ಒಂದು ಷರತ್ತಿನ ಫಲ.

ಕಥೆ ಕೇಳಿ ಅಮ್ಮ ಕೇಳಿದ ಪ್ರಶ್ನೆ: "ವಸ್ತು ಉಳಿಸ್ಕೊಂಡ್ಳು ಸರಿ, ಜನ ಉಳಿದಿದ್ದಾರಾ?"

ಇದು ಈಗ ಇಡೀ ಊರಿನ ಪ್ರಶ್ನೆ. ಹಳೇ ಊರಿನ ಮನೆಗಳು ಒಂದೊಂದಾಗಿ ಪ್ರವಾಸಿಗಳ ಬಾಡಿಗೆ ರೂಮುಗಳಾಗಿವೆ. ದಿನಸಿ ಅಂಗಡಿ ಇದ್ದ ಜಾಗಕ್ಕೆ ಸ್ಯಾಂಡ್‌ವಿಚ್ ಅಂಗಡಿ ಬಂದಿದೆ. 2023ರಲ್ಲಿ ನಗರಾಡಳಿತ ಹಳೇ ಊರಿನ ಭಾಗದಲ್ಲಿ ಹೊಸದಾಗಿ ಅಲ್ಪಾವಧಿ ಬಾಡಿಗೆಗೆ ಮನೆ ಕೊಡುವುದನ್ನು ತಡೆಯಲು ಮುಂದಾಯಿತು. ನಮ್ಮಂಥವರು ಎಲ್ಲಿ ಉಳಿಯುತ್ತೇವೆ, ಎಲ್ಲಿ ತಿನ್ನುತ್ತೇವೆ, ಯಾರಿಂದ ಕೊಳ್ಳುತ್ತೇವೆ ಅನ್ನುವುದಕ್ಕೆ ಇಲ್ಲಿ ನಿಜವಾದ ತೂಕ ಇದೆ. ನಾವು ಹೋಟೆಲ್‌ನಲ್ಲೇ ಉಳಿದೆವು, ಚರ್ಮದ ಪರ್ಸನ್ನು ನದಿಯಾಚೆ ಕುಶಲಕರ್ಮಿಗಳ ಬೀದಿಯಲ್ಲಿ, ಕಣ್ಣೆದುರೇ ಹೊಲಿಯುತ್ತಿದ್ದವರ ಹತ್ತಿರ ಕೊಂಡೆವು.

ಉಪ್ಪಿಲ್ಲದ ಬ್ರೆಡ್ಡು, ಮರಳಿ ಕುದಿಸಿದ ಸಾರು

ಈಗ ಊಟದ ವಿಷಯಕ್ಕೆ ಬರೋಣ. ಮೊದಲ ರಾತ್ರಿ ಮೇಜಿಗೆ ಬಂದ ಬ್ರೆಡ್ಡನ್ನು ಕಚ್ಚಿ ಅಮ್ಮ ಮುಖ ಸಿಂಡರಿಸಿದರು. "ಉಪ್ಪು ಹಾಕೋದು ಮರೆತಿದ್ದಾರೆ." ಮರೆತಿಲ್ಲ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಉಪ್ಪಿನ ಮೇಲಿನ ತೆರಿಗೆಯಿಂದ ಹೀಗಾಯಿತು ಅಂತ ಕೆಲವರು, ಪಕ್ಕದ ಪೀಸಾದವರು ಉಪ್ಪು ಬರದಂತೆ ತಡೆದಿದ್ದರಿಂದ ಅಂತ ಕೆಲವರು ಹೇಳುತ್ತಾರೆ. ಕಾರಣ ಏನೇ ಇರಲಿ, ಎರಡನೇ ದಿನಕ್ಕೆ ಅಮ್ಮನಿಗೆ ಲೆಕ್ಕ ಸಿಕ್ಕಿತು. ನಮ್ಮ ಎಷ್ಟೋ ಮನೆಗಳಲ್ಲಿ ರಾಗಿ ಮುದ್ದೆಗೂ ಉಪ್ಪು ಹಾಕುವುದಿಲ್ಲ, ಉಪ್ಪು ಖಾರ ಎಲ್ಲ ಸಾರಿನದ್ದೇ. ಇಲ್ಲೂ ಅಷ್ಟೇ. ಬ್ರೆಡ್ಡು ಇರುವುದು ಅದ್ದಲಿಕ್ಕೆ.

ಆ ಬ್ರೆಡ್ಡು ಒಣಗಿದ ಮೇಲೆ ಏನು ಮಾಡುವುದು? ಫ್ಲಾರೆನ್ಸ್‌ನ ಬಡವರ ಅಡುಗೆ ಹುಟ್ಟಿದ್ದೇ ಈ ಪ್ರಶ್ನೆಯಿಂದ, ಮತ್ತು ಸಸ್ಯಾಹಾರಿಗಳ ಅದೃಷ್ಟ ಇರುವುದೂ ಇಲ್ಲೇ.

ರಿಬೊಲ್ಲಿತಾ: ಒಣ ಬ್ರೆಡ್ಡು, ಬಿಳಿ ಬೀನ್ಸ್ ಕಾಳು, ಕಪ್ಪು ಹಸಿರಿನ ಒಂದು ಬಗೆಯ ಎಲೆಕೋಸು, ಕ್ಯಾರೆಟ್, ಈರುಳ್ಳಿ ಹಾಕಿ ಕುದಿಸಿದ ಗಟ್ಟಿ ಸಾರು. ಹೆಸರಿನ ಅರ್ಥವೇ ಮತ್ತೆ ಕುದಿಸಿದ್ದು. ಮಾರನೇ ದಿನ ಬಿಸಿ ಮಾಡಿದರೆ ರುಚಿ ಹೆಚ್ಚು. ನಿನ್ನೆಯ ಹುಳಿ ಇವತ್ತು ಯಾಕೆ ರುಚಿ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಇದು ಚಳಿಗಾಲದ ಊಟ.

ಪಪ್ಪಾ ಅಲ್ ಪೊಮೊದೊರೊ: ಟೊಮೆಟೊ, ಬೆಳ್ಳುಳ್ಳಿ, ತುಳಸಿಯ ಜಾತಿಯ ಬೇಸಿಲ್ ಎಲೆ, ಆಲಿವ್ ಎಣ್ಣೆಯಲ್ಲಿ ಬ್ರೆಡ್ಡು ಕರಗುವವರೆಗೆ ಬೇಯಿಸಿದ್ದು. ಮಗುವಿಗೆ ಕಲಸಿದ ಅನ್ನದಷ್ಟು ಮೆತ್ತಗೆ. ಅಮ್ಮ ಮೂರು ದಿನದಲ್ಲಿ ಮೂರು ಸಲ ತಿಂದರು.

ಪಾಂಜನೆಲ್ಲಾ: ನೆನೆಸಿ ಹಿಂಡಿದ ಬ್ರೆಡ್ಡಿಗೆ ಟೊಮೆಟೊ, ಸೌತೆಕಾಯಿ, ಈರುಳ್ಳಿ ಬೆರೆಸಿದ ತಣ್ಣನೆಯ ಸಲಾಡ್. ಬೇಸಿಗೆಯಲ್ಲಿ ಹೋದವರಿಗೆ.

ಸ್ಕಿಯಚ್ಚಾತಾ: ಆಲಿವ್ ಎಣ್ಣೆ ಸವರಿದ ಚಪ್ಪಟೆ ಬ್ರೆಡ್ಡು. ಹೊರಗೆ ಗರಿಗರಿ, ಇದಕ್ಕೆ ಮಾತ್ರ ಮೇಲೆ ಉಪ್ಪು ಉದುರಿಸುತ್ತಾರೆ. ಒಳಗೆ ಚೀಸ್, ಬದನೆಕಾಯಿ ಇಡಿಸಿಕೊಂಡರೆ ಮಧ್ಯಾಹ್ನದ ಊಟ ಮುಗಿದ ಹಾಗೆ.

ಮಾಂಸ ತಿನ್ನುವವರಿಗೆ ಎರಡು ಹೆಸರು. ಬಿಸ್ತೆಕ್ಕಾ ಅಲ್ಲಾ ಫಿಯೊರೆಂತಿನಾ, ಎಲುಬಿನ ಸಮೇತ ಕೆಂಡದಲ್ಲಿ ಸುಟ್ಟ ದಪ್ಪ ದನದ ಮಾಂಸ, ತೂಕದ ಲೆಕ್ಕದಲ್ಲಿ ಬಿಲ್, ಹಾಗಾಗಿ ಆರ್ಡರ್ ಮಾಡುವ ಮೊದಲೇ ತೂಕ ಕೇಳಿ. ಇನ್ನೊಂದು ಲಾಂಪ್ರೆದೊತ್ತೊ, ಹಸುವಿನ ನಾಲ್ಕನೇ ಜಠರವನ್ನು ಬೇಯಿಸಿ ಬನ್ನಿನಲ್ಲಿಟ್ಟು ಹಸಿರು ಚಟ್ನಿ ಹಾಕಿ ಕೊಡುವ ಗಾಡಿ ತಿಂಡಿ. ಊರಿನ ಕೂಲಿಯವರೂ ಸೂಟ್ ಹಾಕಿದವರೂ ಒಂದೇ ಗಾಡಿಯ ಮುಂದೆ ನಿಂತು ತಿನ್ನುವುದನ್ನು ನೋಡುವುದೇ ಒಂದು ಖುಷಿ.

ಸಸ್ಯಾಹಾರಿಗಳು ಗಮನಿಸಬೇಕಾದ ಕೆಲವು ಮಾತು. ಸೂಪಿಗೆ ಮಾಂಸದ ಸಾರು ಬೆರೆಸುವ ಅಡುಗೆಮನೆಗಳಿವೆ, ರಿಬೊಲ್ಲಿತಾಗೂ ಕೂಡ. "ಸೋನೊ ವೆಜೆತಾರಿಯಾನಾ" (ಗಂಡಸರಾದರೆ ವೆಜೆತಾರಿಯಾನೊ) ಅಂತ ಹೇಳಿ, ಆಮೇಲೆ "ಚೆ ಕಾರ್ನೆ?" ಅಂದರೆ "ಮಾಂಸ ಇದೆಯಾ?" ಅಂತ ಕೇಳಿ. ಪರ್ಮೆಸಾನ್ ಚೀಸ್ ಹಾಲನ್ನು ಒಡೆಸಲು ಕರುವಿನ ಜಠರದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು "ಸೆನ್ಸಾ ಪಾರ್ಮಿಜಾನೊ" ಎಂದುಬಿಡಿ. ಪಿಜ್ಜಾ ಪಟ್ಟಿಯಲ್ಲಿ ಪೆಪೆರೋನಿ ಅಂತ ಕಂಡರೆ ಹೆದರಬೇಡಿ, ಇಟಲಿಯಲ್ಲಿ ಅದು ದಪ್ಪ ಮೆಣಸಿನಕಾಯಿ. ಬಿಲ್ಲಿನಲ್ಲಿ ಕೊಪೆರ್ತೊ ಅಂತ ಒಂದೆರಡು ಯೂರೊ ಸೇರಿರುತ್ತದೆ, ಅದು ಮೇಜಿನ ಶುಲ್ಕ, ಮೋಸವಲ್ಲ. ಕಾಫಿಯನ್ನು ಕೌಂಟರ್ ಮುಂದೆ ನಿಂತೇ ಕುಡಿಯಿರಿ. ನಮ್ಮ ದರ್ಶಿನಿಯ ಹಾಗೆಯೇ, ಕೂತರೆ ರೇಟು ಬೇರೆ.

ಜೆಲಾಟೊ ಅಂಗಡಿ ಆರಿಸುವುದಕ್ಕೆ ಒಂದು ಗುಟ್ಟು. ಬೆಟ್ಟದ ಹಾಗೆ ಉಬ್ಬಿಸಿ, ಕಣ್ಣು ಕುಕ್ಕುವ ಬಣ್ಣದಲ್ಲಿ ಇಟ್ಟಿದ್ದರೆ ಮುಂದೆ ನಡೆಯಿರಿ. ಪಿಸ್ತಾ ಮಾಸಲು ಹಸಿರಿದ್ದರೆ, ಬಾಳೆಹಣ್ಣಿನದ್ದು ಹಳದಿಯ ಬದಲು ಬೂದು ಬಿಳುಪಿದ್ದರೆ ನಿಲ್ಲಿ. ಶರತ್ಕಾಲದಲ್ಲಿ ಹೋದರೆ ಕಸ್ತಾನ್ಯಾಚ್ಚೊ ಹುಡುಕಿ. ಚೆಸ್ಟ್‌ನಟ್ ಹಿಟ್ಟಿನಲ್ಲಿ ಸಕ್ಕರೆ ಇಲ್ಲದೆ, ಮೊಟ್ಟೆ ಇಲ್ಲದೆ ಮಾಡುವ ಕೇಕು. ಅಮ್ಮ ಧೈರ್ಯವಾಗಿ ತಿಂದ ಒಂದೇ ಇಟಾಲಿಯನ್ ಕೇಕು ಅದು.

ಮಾರುಕಟ್ಟೆ ನೋಡಬೇಕಾದರೆ ಸಾನ್ ಲೊರೆಂಜೊದ ಮೆರ್ಕಾತೊ ಚೆಂತ್ರಾಲೆ. 1874ರ ಕಬ್ಬಿಣ ಮತ್ತು ಗಾಜಿನ ಕಟ್ಟಡ. ಕೆಳಗೆ ತರಕಾರಿ, ಮಾಂಸ, ಚೀಸ್ ಅಂಗಡಿಗಳು, ಬೆಳಿಗ್ಗೆಯೇ ಹೋಗಿ. ಮೇಲೆ ಫುಡ್ ಕೋರ್ಟ್. ಊರಿನವರ ಜೊತೆ ನಿಂತು ಕೊಳ್ಳಬೇಕಾದರೆ ಸಾಂತ್ ಅಂಬ್ರೊಜೊ ಮಾರುಕಟ್ಟೆ ವಾಸಿ.

ಸೇತುವೆಯೂ ಕೆಸರೂ

ಪೊಂತೆ ವೆಕ್ಕಿಯೊ ಎಂದರೆ ಹಳೇ ಸೇತುವೆ. 1333ರ ಪ್ರವಾಹದಲ್ಲಿ ಕೊಚ್ಚಿಹೋದ ಮೇಲೆ 1345ರಲ್ಲಿ ಮತ್ತೆ ಕಟ್ಟಿದ್ದು. ಮೊದಲು ಅದರ ಮೇಲೆ ಕಸಾಯಿ ಅಂಗಡಿಗಳಿದ್ದವು. 1593ರಲ್ಲಿ ದೊರೆ ಅವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. ಈಗಲೂ ಅಲ್ಲಿ ಚಿನ್ನದ ಅಂಗಡಿಗಳೇ. 1944ರ ಆಗಸ್ಟ್‌ನಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೇನೆ ಊರಿನ ಬೇರೆಲ್ಲ ಸೇತುವೆಗಳನ್ನು ಸ್ಫೋಟಿಸಿತು, ಇದೊಂದನ್ನು ಬಿಟ್ಟಿತು. ಪಕ್ಕದ ಸಾಂತಾ ತ್ರಿನಿತಾ ಸೇತುವೆಯನ್ನು ಊರಿನವರು ನದಿಯಿಂದ ಹಳೇ ಕಲ್ಲುಗಳನ್ನು ಎತ್ತಿ ತಂದು, ಇದ್ದ ಹಾಗೆಯೇ ಕಟ್ಟಿಕೊಂಡರು.

ಸಾಂತಾ ಕ್ರೋಚೆ ಕಡೆ ನಡೆಯುವಾಗ ಗೋಡೆಗಳನ್ನು ನೋಡುತ್ತಾ ಹೋಗಿ. ನಿಮ್ಮ ತಲೆಗಿಂತ ಎಷ್ಟೋ ಮೇಲೆ ಒಂದು ಗೆರೆ, ಒಂದು ತಾರೀಖು: 1966ರ ನವೆಂಬರ್ 4. ಆರ್ನೊ ನದಿ ಉಕ್ಕಿ ಅಲ್ಲಿಯವರೆಗೆ ನೀರು ನಿಂತಿತ್ತು. ಗ್ರಂಥಾಲಯದ ಲಕ್ಷಾಂತರ ಪುಸ್ತಕ ಕೆಸರಾಯಿತು. ಚಿಮಬುವೆ ಬರೆದ ಹಳೆಯ ಶಿಲುಬೆ ಚಿತ್ರದ ಬಹುಪಾಲು ಬಣ್ಣ ತೊಳೆದುಹೋಯಿತು. ಆಗ ಎಲ್ಲೆಲ್ಲಿಂದಲೋ ಬಂದ ಯುವಕ ಯುವತಿಯರು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಊರು ಅವರನ್ನು ಇವತ್ತಿಗೂ ಕೆಸರಿನ ದೇವದೂತರು ಎಂದು ಕರೆಯುತ್ತದೆ. ಬಣ್ಣ ಹೋದ ಆ ಶಿಲುಬೆ ಸಾಂತಾ ಕ್ರೋಚೆಯಲ್ಲೇ ಇದೆ. ಮೈಕೆಲ್ಯಾಂಜೆಲೊ, ಗೆಲಿಲಿಯೊ, ಮಾಕಿಯಾವೆಲ್ಲಿಯ ಸಮಾಧಿಗಳೂ ಅಲ್ಲೇ. ದಾಂತೆಯ ಹೆಸರಿನ ಗೋರಿ ಮಾತ್ರ ಖಾಲಿ. ಊರು ಅವನನ್ನು ಗಡೀಪಾರು ಮಾಡಿತ್ತು. ಅವನು ಮಣ್ಣಾದದ್ದು ರವೆನ್ನಾದಲ್ಲಿ.

ಎರಡು ನದಿ ಸೇರುವಲ್ಲಿ ಒಬ್ಬ ನಮ್ಮವ

ಕೊನೆಯ ದಿನ ಸಂಜೆ ಎಲ್ಲರ ಹಾಗೆ ಪಿಯಾಜ್ಜಾಲೆ ಮಿಕೆಲಾಂಜೆಲೊಗೆ ಸೂರ್ಯಾಸ್ತ ನೋಡಲು ಹೋಗಬಹುದು, ಹೋಗಲೇಬೇಕು. ಆದರೆ ಅದೇ ದಿನ ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಂಡು ಊರಿನ ಪಶ್ಚಿಮಕ್ಕೆ, ಕಶಿನೆ ಉದ್ಯಾನದ ತುದಿಗೆ ಹೋಗಿ. ಉದ್ಯಾನ ಉದ್ದ, ಹಾಗಾಗಿ ನಾವು ಟ್ಯಾಕ್ಸಿ ಮಾಡಿಕೊಂಡೆವು.

ಅಲ್ಲಿ ಮರಗಳ ನಡುವೆ ಭಾರತೀಯ ಶೈಲಿಯ ಮಂಟಪ, ಅದರೊಳಗೆ ರುಮಾಲು ಸುತ್ತಿದ ಒಬ್ಬ ಹುಡುಗನ ಬಣ್ಣದ ಅರ್ಧ ವಿಗ್ರಹ. ಅವನು ಕೊಲ್ಹಾಪುರದ ಮಹಾರಾಜ ರಾಜಾರಾಮ್. ಇಂಗ್ಲೆಂಡ್ ಪ್ರವಾಸ ಮುಗಿಸಿ ಊರಿಗೆ ಮರಳುವ ದಾರಿಯಲ್ಲಿ ಕಾಯಿಲೆ ಬಿದ್ದು 1870ರ ನವೆಂಬರ್ 30ರಂದು ಫ್ಲಾರೆನ್ಸ್‌ನಲ್ಲಿ ತೀರಿಕೊಂಡ. ಇನ್ನೂ ಇಪ್ಪತ್ತರ ಹರೆಯ. ಹೆಣ ಸುಡುವುದು ಆ ಕಾಲದ ಕ್ಯಾಥೊಲಿಕ್ ಊರಿನಲ್ಲಿ ಕೇಳರಿಯದ ವಿಷಯ. ಆದರೂ ಆಡಳಿತ ವಿಶೇಷ ಅನುಮತಿ ಕೊಟ್ಟಿತು. ಹಿಂದೂ ಪದ್ಧತಿಯ ಪ್ರಕಾರ ಎರಡು ನದಿ ಸೇರುವ ಜಾಗ ಬೇಕು ಎಂದಾಗ ಆರ್ನೊಗೆ ಮುನ್ಯೊನೆ ಹೊಳೆ ಬಂದು ಸೇರುವ ಈ ಜಾಗ ಸಿಕ್ಕಿತು. ಚಿತೆ ಉರಿದದ್ದು ಇಲ್ಲೇ. 1874ರಲ್ಲಿ ಈ ಸ್ಮಾರಕ ನಿಂತಿತು. ಆಮೇಲೆ ಹತ್ತಿರದಲ್ಲೇ ಕಟ್ಟಿದ ದೊಡ್ಡ ಸೇತುವೆಗೂ ಊರಿನವರು ಇಂಡಿಯಾನೊ ಎಂದೇ ಹೆಸರಿಟ್ಟರು. ದಿನವೂ ಅದರ ಮೇಲೆ ಕಾರು ಓಡಿಸುವ ಎಷ್ಟು ಜನಕ್ಕೆ ಆ ಭಾರತೀಯ ಯಾರು ಎಂದು ಗೊತ್ತೋ.

ಕೊಲ್ಹಾಪುರ ನಮ್ಮ ಬೆಳಗಾವಿಯ ಪಕ್ಕದ ಊರು. ಅಮ್ಮ ಅಲ್ಲಿನ ಮಹಾಲಕ್ಷ್ಮಿಯನ್ನು ಎರಡು ಸಲ ನೋಡಿ ಬಂದವರು. ಮಂಟಪದ ಮುಂದೆ ಕೈ ಮುಗಿದು ನಿಂತರು. "ಇವನ ಮನೆಗೆ ಸುದ್ದಿ ಮುಟ್ಟೋಕೆ ಎಷ್ಟು ದಿನ ಹಿಡೀತೋ" ಅಂದರು. ಮಕ್ಕಳು ದೂರದ ದೇಶದಲ್ಲಿರುವ ತಾಯಂದಿರಿಗೆ ಮಾತ್ರ ಹೊಳೆಯುವ ಮಾತು ಅದು. ನನ್ನ ಅಣ್ಣ ಡಬ್ಲಿನ್‌ನಲ್ಲಿದ್ದಾನೆ. ಅವತ್ತು ರಾತ್ರಿ ಅಮ್ಮ ಅವನ ಜೊತೆ ಎಂದಿಗಿಂತ ಹೆಚ್ಚು ಹೊತ್ತು ಮಾತಾಡಿದರು.

ಹೊರಡುವ ಮುನ್ನ

ಉಫಿಜಿ, ಅಕಾಡೆಮಿಯಾ ಎರಡೂ ಸೋಮವಾರ ರಜೆ. ಟಿಕೆಟ್ ಮುಂಗಡವಾಗಿ ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಉಚಿತ ಪ್ರವೇಶ, ಆದರೆ ಸರತಿ ಸಾಲು ಉದ್ದ. ಚರ್ಚ್‌ಗಳಿಗೆ ಹೆಗಲು, ಮಂಡಿ ಮುಚ್ಚುವ ಬಟ್ಟೆ ಇರಲಿ. ಜುಲೈ, ಆಗಸ್ಟ್‌ನ ಬಿಸಿಲು ಮತ್ತು ಗದ್ದಲ ತಪ್ಪಿಸಿ. ನವೆಂಬರ್‌ನಲ್ಲಿ ಚಳಿ, ಮಳೆ ಇದ್ದರೂ ಜನ ಕಡಿಮೆ, ಹೊಸ ಆಲಿವ್ ಎಣ್ಣೆಯ ಕಾಲವೂ ಹೌದು. ಗುಮ್ಮಟ ಮತ್ತು ಮ್ಯೂಸಿಯಂಗೆ ಒಂದು ದಿನ, ಉಫಿಜಿ ಮತ್ತು ನದಿಯಾಚೆಗೆ ಒಂದು ದಿನ, ಮಾರುಕಟ್ಟೆ, ಸಾಂತಾ ಕ್ರೋಚೆ, ಕಶಿನೆಗೆ ಒಂದು ದಿನ. ಟೂರ್ ಏಜೆಂಟ್ ಅರ್ಧ ದಿನ ಸಾಕು ಅಂದರೆ, ರಿಬೊಲ್ಲಿತಾ ರುಚಿ ಬರುವುದೇ ಎರಡನೇ ದಿನ ಎಂದು ಹೇಳಿ.